ಹತ್ತು ಲೀಟರ್ ಇಳಿಯಲು ಎಷ್ಟು ನಿಮಿಷ: ಟ್ರಾಲ್ ಬೋಟಿನ ಡೀಸೆಲ್ ಉಳಿಸಿದ ನನ್ನ ಅನುಭವ

ಮಲ್ಪೆ ಬಂದರಿನಲ್ಲಿ ನನಗೆ ಎರಡು ಆಳಸಮುದ್ರ ಟ್ರಾಲ್ ಬೋಟುಗಳಿವೆ, ಅಂದರೆ ಸಮುದ್ರದ ತಳದಲ್ಲಿ ಬಲೆ ಎಳೆದು ಮೀನು ಹಿಡಿಯುವ ಬೋಟುಗಳು. ತಂದೆಯವರ ಕಾಲದಲ್ಲಿ ನೂರು ಅಶ್ವಶಕ್ತಿಯ ಆಸುಪಾಸಿನ ಲೇಲ್ಯಾಂಡ್ ಇಂಜಿನ್ ಕೂರಿಸಿದ ಮರದ ಬೋಟು ಬೆಳಗಿನ ಜಾವ ಹೊರಟು ಸಂಜೆಗೆ ದಕ್ಕೆಗೆ (ಬೋಟು ಕಟ್ಟುವ ಕಟ್ಟೆಗೆ) ಬರುತ್ತಿತ್ತು. ಇಂದು ನಮ್ಮ ಬೋಟುಗಳಲ್ಲಿ ಅದರ ಮೂರೂವರೆ ಪಟ್ಟು ಶಕ್ತಿಯ ಇಂಜಿನ್ನುಗಳಿವೆ. ಹತ್ತು ದಿನಕ್ಕೆ ಬೇಕಾದ ಡೀಸೆಲ್, ಐಸ್, ಅಕ್ಕಿ, ನೀರು ತುಂಬಿಸಿಕೊಂಡು ಅವು ಕಾರವಾರದ ನೇರಕ್ಕೆ, ಕೆಲವೊಮ್ಮೆ ಅದನ್ನೂ ದಾಟಿ ರತ್ನಾಗಿರಿಯ ಕಡೆಗೆ ಹೋಗುತ್ತವೆ. ಮೂರು ವರ್ಷಗಳ ಹಿಂದೆ ದೊಡ್ಡ ಬೋಟಿನ ಒಂದು ಟ್ರಿಪ್ಪಿಗೆ ಸುಮಾರು 5,400 ಲೀಟರ್ ಡೀಸೆಲ್ ಉರಿಯುತ್ತಿತ್ತು, ಈಗ 4,400 ಲೀಟರಿನ ಸುತ್ತ ನಿಂತಿದೆ. ಈ ಒಂದು ಸಾವಿರ ಲೀಟರ್ ಎಲ್ಲೆಲ್ಲಿ ಉಳಿಯಿತು, ಎಲ್ಲಿ ನಾನು ಕೈ ಸುಟ್ಟುಕೊಂಡೆ ಎಂಬುದನ್ನು ನಮ್ಮದೇ ಕಸುಬಿನವರಿಗೆ ಉಪಯೋಗವಾಗಬಹುದೆಂದು ಬರೆದಿಡುತ್ತಿದ್ದೇನೆ.

ಮೊದಲು ಮಾಡಿದ್ದು ತಪ್ಪು ಕೆಲಸ. ಇಂಧನದ ಪೈಪಿಗೆ ಕಟ್ಟಿದರೆ ಡೀಸೆಲ್ ನೂರಕ್ಕೆ ಹದಿನೈದರಷ್ಟು ಉಳಿಯುತ್ತದೆಂದು ಹೇಳಿ ಒಬ್ಬರು ಮಾರಿದ ಅಯಸ್ಕಾಂತದ ತುಂಡುಗಳನ್ನು ನಾನು ಕೊಂಡೆ. ಎರಡು ಟ್ರಿಪ್ ಕಳೆದ ಮೇಲೆ ಉಳಿತಾಯ ಆಗಿದೆಯೇ ಇಲ್ಲವೇ ಎಂದು ಹೇಳಲು ನನ್ನ ಬಳಿ ಯಾವ ಲೆಕ್ಕವೂ ಇರಲಿಲ್ಲ. ಬಂಕಿನ ಬಿಲ್ಲು ಇತ್ತು, ಆದರೆ ಬೋಟು ಎಷ್ಟು ಗಂಟೆ ಓಡಿತು, ಎಷ್ಟು ಗಂಟೆ ಬಲೆ ಎಳೆಯಿತು, ಟ್ಯಾಂಕಿನಲ್ಲಿ ಎಷ್ಟು ಉಳಿದಿತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ನಲವತ್ತು ವರ್ಷಗಳಿಂದ ಕುಟುಂಬದವರು ಮೀನುಗಾರಿಕೆ ಮಾಡುತ್ತಿದ್ದರೂ ನಮ್ಮ ಇಂಜಿನ್ ಒಂದು ಗಂಟೆಗೆ ಎಷ್ಟು ಕುಡಿಯುತ್ತದೆ ಎಂಬುದು ನಮಗೆ ತಿಳಿದಿರಲಿಲ್ಲವೆಂಬುದು ಆಗ ಹೊಳೆಯಿತು. ತೆರಿಗೆ ವಿನಾಯಿತಿಯ ಡೀಸೆಲ್ ಸಿಗುವುದರಿಂದ ನಮ್ಮಲ್ಲಿ ಈ ಉದಾಸೀನ ಬೆಳೆದಿದೆ ಎಂದು ನನ್ನ ಅಭಿಪ್ರಾಯ. ಇದನ್ನು ದಕ್ಕೆಯಲ್ಲಿ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ.

ಅಳತೆಗಾಗಿ ದುಬಾರಿ ಮೀಟರ್ ಕೊಳ್ಳುವ ಬದಲು ಮೆಕ್ಯಾನಿಕ್ ಒಬ್ಬರ ಸಲಹೆಯಂತೆ ಇಪ್ಪತ್ತು ಲೀಟರಿನ ಒಂದು ಲೋಹದ ಡ್ರಮ್ಮಿಗೆ ಪಕ್ಕದಲ್ಲಿ ಪಾರದರ್ಶಕ ಕೊಳವೆ ಹಾಕಿಸಿ, ಒಂದೊಂದೇ ಲೀಟರ್ ಅಳೆದು ಸುರಿದು ಬಣ್ಣದಲ್ಲಿ ಗೆರೆ ಎಳೆದೆವು. ಇಂಜಿನ್ನಿಗೆ ಡೀಸೆಲ್ ಟ್ಯಾಂಕಿನ ಬದಲು ಈ ಡ್ರಮ್ಮಿನಿಂದ ಹೋಗುವಂತೆ ವಾಲ್ವ್ ತಿರುಗಿಸಿ, ಹತ್ತು ಲೀಟರ್ ಇಳಿಯಲು ಎಷ್ಟು ಹೊತ್ತು ಬೇಕೆಂದು ಮೊಬೈಲಿನ ಗಡಿಯಾರದಲ್ಲಿ ನೋಡುವುದಷ್ಟೇ ಕೆಲಸ. ಮೊದಲ ಸಲ ಗಂಟೆಗೆ 70 ಲೀಟರ್ ಎಂದು ಬಂದು ನಾನು ಬೆಚ್ಚಿಬಿದ್ದೆ. ಇಂಜಿನ್ ಉರಿಸದೆ ಬಿಟ್ಟ ಡೀಸೆಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸಾಗುತ್ತದೆ, ಆ ಪೈಪನ್ನೂ ಡ್ರಮ್ಮಿಗೇ ತಿರುಗಿಸಬೇಕೆಂಬುದು ನಮಗೆ ಮರೆತುಹೋಗಿತ್ತು. ಈ ಪ್ರಯೋಗ ಮಾಡುವವರು ಡ್ರಮ್ಮನ್ನು ಹೊಗೆಕೊಳವೆಯಿಂದ ದೂರ ಇಟ್ಟು, ಮುಚ್ಚಳ ಹಾಕಿ, ಹಗ್ಗದಿಂದ ಬಿಗಿಯಾಗಿ ಕಟ್ಟಿ, ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಅಲೆಯ ಹೊಡೆತವಿದ್ದ ದಿನ ನಾವು ಇದನ್ನು ಮಾಡಲೇ ಇಲ್ಲ.

ರಿಟರ್ನ್ ಸರಿಪಡಿಸಿದ ಮೇಲೆ, ಪೂರ್ತಿ ಐಸ್ ಮತ್ತು ಡೀಸೆಲ್ ತುಂಬಿದ್ದ ಬೋಟು ಮಲ್ಪೆಯಿಂದ ಉತ್ತರಕ್ಕೆ ಓಡುತ್ತಿದ್ದಾಗ ತೆಗೆದ ಲೆಕ್ಕ ಹೀಗಿತ್ತು. ಇಂಜಿನ್ ನಿಮಿಷಕ್ಕೆ 1,750 ಸುತ್ತಿನಲ್ಲಿರುವಾಗ ಹತ್ತು ಲೀಟರ್ ಇಳಿಯಲು ಹನ್ನೊಂದೂವರೆ ನಿಮಿಷ ಹಿಡಿಯಿತು, ಅಂದರೆ ಗಂಟೆಗೆ 52 ಲೀಟರ್. ಜಿಪಿಎಸ್‌ನಲ್ಲಿ ವೇಗ 8.9 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲು) ತೋರಿಸುತ್ತಿತ್ತು. ಸುತ್ತನ್ನು 1,500ಕ್ಕೆ ಇಳಿಸಿದಾಗ ಅದೇ ಹತ್ತು ಲೀಟರಿಗೆ ಹದಿನೆಂಟು ಮುಕ್ಕಾಲು ನಿಮಿಷ, ಗಂಟೆಗೆ 32 ಲೀಟರ್, ವೇಗ 8 ನಾಟ್. ಮಲ್ಪೆಯಿಂದ ಕಾರವಾರದ ನೇರಕ್ಕೆ ಸುಮಾರು ತೊಂಬತ್ತು ನಾಟಿಕಲ್ ಮೈಲು. ಮೊದಲಿನ ವೇಗದಲ್ಲಿ ಅಲ್ಲಿಗೆ ತಲುಪಲು 525 ಲೀಟರ್ ಬೇಕು, ಎರಡನೆಯದರಲ್ಲಿ 360 ಸಾಕು. ತಡವಾಗುವುದು ಒಂದು ಗಂಟೆ ಹತ್ತು ನಿಮಿಷ ಮಾತ್ರ, ಆದರೆ ಹೋಗಿಬರುವಷ್ಟರಲ್ಲಿ 330 ಲೀಟರ್ ಉಳಿಯುತ್ತದೆ.

ಇದರಲ್ಲಿ ನಮ್ಮ ಬೋಟಿನ ವಿಶೇಷವೇನೂ ಇಲ್ಲ. ಪ್ರೊಪೆಲ್ಲರ್ ತಿರುಗಿಸಲು ಬೇಕಾಗುವ ಶಕ್ತಿ ಸುತ್ತಿನ ಸಂಖ್ಯೆಯ ಘನಕ್ಕೆ ಸರಿಯಾಗಿ ಏರುತ್ತದೆ, ಆದ್ದರಿಂದ ಸುತ್ತನ್ನು ನೂರಕ್ಕೆ ಹತ್ತರಷ್ಟು ಇಳಿಸಿದರೆ ಬೇಕಾಗುವ ಶಕ್ತಿ ನೂರಕ್ಕೆ ಇಪ್ಪತ್ತೇಳರಷ್ಟು ಇಳಿಯುತ್ತದೆ. ದೊಡ್ಡ ಸರಕು ಹಡಗುಗಳವರೂ ಇಂಧನದ ಬೆಲೆ ಏರಿದಾಗ ವೇಗ ತಗ್ಗಿಸುವುದು ಇದೇ ಕಾರಣಕ್ಕೆ.

ಲೆಕ್ಕ ನನಗೆ ಅರ್ಥವಾಯಿತು, ಆದರೆ ಇಂಜಿನ್ನಿನ ಲಿವರ್ ಹಿಡಿಯುವವನು ನಾನಲ್ಲ. ಬೋಟು ನಡೆಸುವ ನಮ್ಮ ತಾಂಡೇಲರು ಗಂಗೊಳ್ಳಿ ಕಡೆಯವರು, ವಯಸ್ಸಿನಲ್ಲಿ ನನಗಿಂತ ಹಿರಿಯರು, ನಾನು ಅಣ್ಣ ಎಂದೇ ಕರೆಯುವುದು. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, "ಎಲ್ರ ಬೋಟೂ ಓಡ್ಕಂಡ್ ಹೋತ್ತ್, ನಮ್ಮದ್ ಮಾತ್ರ ನಡ್ಕಂಡ್ ಹ್ವಾಪ್ದಾ ಸಾವ್ಕಾರ್ರೆ?" ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ನಮ್ಮ ಬೋಟಿನಲ್ಲಿ ತಾಂಡೇಲರಿಗೂ ಕಲಾಸಿಗಳಿಗೂ (ಬೋಟಿನ ಕೆಲಸಗಾರರಿಗೂ) ಸಿಗುವ ಪಾಲು ಮಾರಾಟವಾದ ಮೀನಿನ ಮೊತ್ತದ ಮೇಲೆ ನಿಂತಿತ್ತು. ಡೀಸೆಲ್ ಪೂರ್ತಿ ನನ್ನ ತಲೆಯ ಮೇಲಿತ್ತು. ಬೇಗ ಹೋಗಿ ಒಂದು ಎಳೆತ ಹೆಚ್ಚು ಎಳೆದರೆ ಲಾಭ ಅವರಿಗೂ ಇದೆ, ಅದಕ್ಕೆ ಉರಿದ ಡೀಸೆಲ್ಲಿನ ನಷ್ಟ ನನಗೆ ಮಾತ್ರ. ಹೀಗಿರುವಾಗ ಅವರು ನಿಧಾನವಾಗಿ ಓಡಿಸಬೇಕೆಂದು ನಾನು ಬಯಸುವುದರಲ್ಲಿ ನ್ಯಾಯವಿರಲಿಲ್ಲ.

ಮುಂದಿನ ಟ್ರಿಪ್ಪಿನಿಂದ ವ್ಯವಸ್ಥೆ ಬದಲಾಯಿಸಿದೆ. ಹಿಂದಿನ ಹತ್ತು ಟ್ರಿಪ್ಪುಗಳ ಸರಾಸರಿಯನ್ನು ಗೆರೆಯಾಗಿ ಇಟ್ಟುಕೊಂಡು, ಅದಕ್ಕಿಂತ ಕಡಿಮೆ ಉರಿದ ಪ್ರತಿ ಲೀಟರಿನ ಬೆಲೆಯಲ್ಲಿ ಅರ್ಧವನ್ನು ಬೋಟಿನವರಿಗೆ ಹಂಚುವುದೆಂದು ಒಪ್ಪಂದವಾಯಿತು. ಮೂರನೆಯ ಟ್ರಿಪ್ಪಿನ ಹೊತ್ತಿಗೆ ಲಿವರಿನ ಪಕ್ಕದಲ್ಲಿ 1,500 ಸುತ್ತಿಗೆ ಸರಿಯಾದ ಜಾಗದಲ್ಲಿ ತಾಂಡೇಲರೇ ಕೆಂಪು ಬಣ್ಣದ ಗೆರೆ ಹಚ್ಚಿದ್ದರು. ಬಲೆ ಸರಿಪಡಿಸುತ್ತ ನಿಂತಾಗ ಇಂಜಿನ್ ಸುಮ್ಮನೆ ಓಡುತ್ತಿದ್ದರೆ ಈಗ ಕಲಾಸಿಗಳೇ ಕೂಗಿ ನಿಲ್ಲಿಸಲು ಹೇಳುತ್ತಾರೆ. ನಾನು ಇದುವರೆಗೆ ಮಾಡಿದ ಬದಲಾವಣೆಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ.

ವಾಪಸು ಬರುವಾಗಿನ ಸಮಸ್ಯೆ ಪೂರ್ತಿ ಬಗೆಹರಿದಿಲ್ಲ. ಬೆಳಗಿನ ಏಲಂಗೆ (ಹರಾಜಿಗೆ) ಮೊದಲು ಬಂದ ಬೋಟಿನ ಮೀನಿಗೆ ಒಳ್ಳೆಯ ದರ ಬರುತ್ತದೆ, ಹತ್ತು ಬೋಟು ಒಟ್ಟಿಗೆ ಬೊಂಡಾಸ್ (ಸ್ಕ್ವಿಡ್) ಇಳಿಸಿದರೆ ದರ ಬೀಳುತ್ತದೆ. ಕೊನೆಯ ಎಳೆತವನ್ನು ಒಂದು ಗಂಟೆ ಮೊದಲೇ ಮುಗಿಸಿ ಹೊರಡುವುದನ್ನು ರೂಢಿ ಮಾಡಿದ್ದೇವೆ. ಆದರೂ ಕೆಲವು ದಿನ ವೈರ್‌ಲೆಸ್ಸಿನಲ್ಲಿ ದರ ಕೇಳಿದ ಮೇಲೆ ಕೆಂಪು ಗೆರೆ ದಾಟುತ್ತದೆ, ನಾನೂ ಏನೂ ಹೇಳುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮಳೆಗಾಲದ ನಿಷೇಧದಲ್ಲಿ ಬೋಟನ್ನು ಮೇಲೆ ಎಳೆದಾಗ ತಳದ ಕೆಲಸ ಮಾಡಿಸುತ್ತೇವೆ. ನೀರಿನಲ್ಲಿ ತಿಂಗಳುಗಟ್ಟಲೆ ಇದ್ದ ತಳಕ್ಕೆ ಪಾಚಿ ಹಾಗೂ ಕೈ ಕೊಯ್ಯುವಂಥ ಬಿಳಿ ಚಿಪ್ಪುಗಳು ಅಂಟಿಕೊಂಡಿರುತ್ತವೆ. ಹಿಂದೆ ಅವನ್ನು ವರ್ಷಕ್ಕೊಮ್ಮೆ ಮಾತ್ರ ಕೆರೆದು ತೆಗೆಯುತ್ತಿದ್ದೆವು. ಅಳೆಯಲು ಕಲಿತ ಮೇಲೆ, ಫೆಬ್ರವರಿಯ ಹೊತ್ತಿಗೆ ಅದೇ 1,500 ಸುತ್ತಿನಲ್ಲಿ ವೇಗ 8ರಿಂದ 7.3 ನಾಟಿಗೆ ಇಳಿದದ್ದು ಕಾಣಿಸಿತು. ಈಗ ಹಂಗಾಮಿನ ನಡುವೆ ಇನ್ನೊಮ್ಮೆ ತಳ ಮತ್ತು ಪ್ರೊಪೆಲ್ಲರ್ ಉಜ್ಜಿಸುತ್ತೇವೆ, ತಾಮ್ರದ ಅಂಶವಿರುವ ಬಣ್ಣವನ್ನು ತೆಳ್ಳಗೆ ಎಳೆಯದೆ ಎರಡು ಕೋಟು ಹಚ್ಚಿಸುತ್ತೇವೆ. ಕೆರೆದು ತೆಗೆದ ಬಣ್ಣದ ಪುಡಿಯನ್ನು ಹೊಳೆಗೆ ಗುಡಿಸದೆ ಕೆಳಗೆ ಟಾರ್ಪಾಲು ಹಾಸಿ ಹಿಡಿಯಬೇಕು, ಏಕೆಂದರೆ ತಳಕ್ಕೆ ಚಿಪ್ಪು ಕೂರದಂತೆ ಮಾಡುವ ವಿಷವೇ ಹೊಳೆಯ ಮಳಿಗೂ (ಚಿಪ್ಪುಮೀನಿಗೂ) ಮೀನಿನ ಮರಿಗಳಿಗೂ ತಗಲುತ್ತದೆ.

ಪ್ರೊಪೆಲ್ಲರಿನ ವಿಷಯದಲ್ಲಿ ನಾನು ನಿಜವಾಗಿ ಕೈ ಸುಟ್ಟುಕೊಂಡೆ. ಪಿಚ್, ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೊತ್ತುವ ದೂರ, ಹೆಚ್ಚಿಸಿದರೆ ಕಡಿಮೆ ಸುತ್ತಿನಲ್ಲೇ ಹೆಚ್ಚು ವೇಗ ಸಿಗುತ್ತದೆಂದು ಕೇಳಿ, ಅಂದಾಜಿನ ಮೇಲೆ ಎರಡು ಇಂಚು ಪಿಚ್ ಏರಿಸಿಕೊಂಡು ಬಂದೆ. ಖಾಲಿ ಬೋಟು ಹೊಳೆಬಾಯಿಯಲ್ಲಿ ಚೆನ್ನಾಗಿಯೇ ಓಡಿತು. ಬಲೆ ಕೆಳಗಿಳಿಸಿ ಎಳೆಯತೊಡಗಿದ ಕೂಡಲೇ ಹೊಗೆಕೊಳವೆಯಿಂದ ಡಾಂಬರಿನಂಥ ಕರಿಹೊಗೆ ಬಂತು, ಲಿವರ್ ಪೂರ್ತಿ ತಳ್ಳಿದರೂ ಇಂಜಿನ್ 1,550 ಸುತ್ತು ದಾಟಲಿಲ್ಲ. ನಾಲ್ಕು ಟ್ರಿಪ್ ಹಾಗೆಯೇ ನಡೆಸಿದ್ದರಿಂದ ಇಂಜಿನ್ನಿಗೆ ಡೀಸೆಲ್ ಚಿಮುಕಿಸುವ ನೋಜಲ್‌ಗಳು ಸುಟ್ಟು, ಉಳಿಸಬೇಕೆಂದಿದ್ದ ಹಣದ ಎರಡರಷ್ಟು ವರ್ಕ್‌ಶಾಪಿಗೆ ಹೋಯಿತು. ಪೂರ್ತಿ ಭಾರ ತುಂಬಿದ ಬೋಟಿನಲ್ಲಿ ಲಿವರ್ ಪೂರ್ತಿ ತಳ್ಳಿದಾಗ ಇಂಜಿನ್ ತನ್ನ ಗುರುತಿಸಿದ ಗರಿಷ್ಠ ಸುತ್ತನ್ನು ಮುಟ್ಟಲೇಬೇಕು. ಮುಟ್ಟದಿದ್ದರೆ ಪ್ರೊಪೆಲ್ಲರ್ ಭಾರವಾಗಿದೆ, ಸಲೀಸಾಗಿ ದಾಟಿದರೆ ಹಗುರಾಗಿದೆ. ಈ ಪರೀಕ್ಷೆ ಮಾಡಿಕೊಂಡು ಆಮೇಲೆ ಪಿಚ್ಚನ್ನು ಇಳಿಸಿದೆವು. ಈಗ ಇರುವುದು ಮೊದಲಿಗಿಂತ ಅರ್ಧ ಇಂಚು ಮಾತ್ರ ಹೆಚ್ಚು.

ಟ್ರಾಲ್ ಬೋಟಿನ ಡೀಸೆಲ್ಲಿನಲ್ಲಿ ಬಹುಪಾಲು ಉರಿಯುವುದು ಓಡಾಟದಲ್ಲಲ್ಲ, ಬಲೆ ಎಳೆಯುವುದರಲ್ಲಿ. ದಿನಕ್ಕೆ ಹದಿನೈದು ಹದಿನಾರು ಗಂಟೆ ಮೂರು ನಾಟಿನ ಆಸುಪಾಸಿನಲ್ಲಿ ಎಳೆಯುವಾಗ ಗಂಟೆಗೆ 30 ಲೀಟರ್ ಹೋಗುತ್ತಿತ್ತು. ಆ ಎಳೆತದ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಬಲೆಯ ಜಾಲರಿಯದು, ಸುಮಾರು ಐದನೆಯ ಒಂದು ಪಾಲು ಬಲೆಯ ಬಾಯಿ ಅಗಲಿಸುವ ಬೋರ್ಡುಗಳದು. ಒಂದು ದಿನ ಬೋರ್ಡುಗಳನ್ನು ದಕ್ಕೆಯಲ್ಲಿ ಮಲಗಿಸಿದ್ದಾಗ ಅವುಗಳ ತಳದ ಕಬ್ಬಿಣದ ಪಟ್ಟಿಯನ್ನು ಗಮನಿಸಿದೆ. ಹಿಂಭಾಗದ ಒಂದು ಗೇಣು ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು, ಉಳಿದುದು ತುಕ್ಕು ಹಿಡಿದಿತ್ತು. ಎಂದರೆ ಬೋರ್ಡು ಸಮನಾಗಿ ನಿಲ್ಲದೆ ಮೂತಿ ಎತ್ತಿಕೊಂಡು ಹಿಮ್ಮಡಿಯಲ್ಲಿ ಸಮುದ್ರದ ತಳವನ್ನು ಉಳುತ್ತ ಹೋಗುತ್ತಿತ್ತು. ಸರಪಳಿಯ ಕೊಂಡಿಯನ್ನು ಎರಡು ತೂತು ಬದಲಾಯಿಸಿದ ಮೇಲೆ ಹೊಳಪು ಪಟ್ಟಿಯ ಉದ್ದಕ್ಕೂ ಹರಡಿತು, ಬೋರ್ಡಿನಲ್ಲಿ ಕೆಸರು ಬರುವುದೂ ಕಡಿಮೆಯಾಯಿತು. ಖರ್ಚಾದದ್ದು ಅರ್ಧ ದಿನದ ಕೆಲಸ.

ಬಲೆಯ ಮುಂಭಾಗವನ್ನು ಅದರ ಮರುವರ್ಷ ತೆಳ್ಳಗಿನ ಗಟ್ಟಿ ನೂಲಿನಲ್ಲಿ, ಕಣ್ಣು ದೊಡ್ಡದಾಗಿಸಿ ಹೊಸದಾಗಿ ಕಟ್ಟಿಸಿದೆ. ಮೀನು ಕೊನೆಗೆ ಸೇರುವ ಚೀಲಕ್ಕೆ ಚೌಕ ಕಣ್ಣಿನ ಜಾಲರಿ ಹಾಕಿಸಿದೆ. ವಜ್ರಾಕಾರದ ಕಣ್ಣು ಎಳೆತಕ್ಕೆ ಸಿಕ್ಕಿ ಮುಚ್ಚಿಕೊಳ್ಳುತ್ತದೆ, ಚೌಕದ ಕಣ್ಣು ತೆರೆದೇ ಇರುವುದರಿಂದ ನೀರೂ ಮರಿಮೀನೂ ಹೊರಗೆ ಹೋಗುತ್ತವೆ. "ಕಣ್ಣು ದೊಡ್ಡದಾದರೆ ಮೀನೆಲ್ಲ ಹೋಗ್ತದೆ" ಎಂದು ಕಲಾಸಿಗಳು ಗೊಣಗಿದ್ದು ನಿಜ, ಮೊದಲ ಎರಡು ಟ್ರಿಪ್ಪಿನಲ್ಲಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗುವ ಚಿಲ್ಲರೆ ಮೀನು ಕಡಿಮೆಯಾದದ್ದೂ ನಿಜ. ಆದರೆ ಬೊಂಡಾಸ್, ರಾಣಿಮೀನು ಮೊದಲಿನಷ್ಟೇ ಬಂದವು. ಎಳೆಯುವಾಗಿನ ಡೀಸೆಲ್ ಗಂಟೆಗೆ 30ರಿಂದ 26 ಲೀಟರಿಗೆ ಇಳಿಯಿತು. ಎಂಟು ದಿನದ ಎಳೆತಕ್ಕೆ ಇದೊಂದರಿಂದಲೇ ಐನೂರು ಲೀಟರ್.

ಐಸಿನ ಲೆಕ್ಕ ಸಣ್ಣದು. ಮೀನಿನ ಹೊಂಡದ ಹಳೆಯ ಥರ್ಮಾಕೋಲ್ ನೀರು ಕುಡಿದು ಹಾಳಾಗಿತ್ತು, ಅದನ್ನು ತೆಗೆಸಿ ಪಫ್ (ಶಾಖ ತಡೆಯುವ ಗಟ್ಟಿ ನೊರೆ) ತುಂಬಿಸಿದ್ದರಿಂದ ಹತ್ತು ಟನ್ನಿನ ಬದಲು ಎಂಟು ಟನ್ ಐಸ್ ಸಾಲುತ್ತಿದೆ. ಒಂದು ಟನ್ ಐಸ್ ಕಟ್ಟಲು ಕಾರ್ಖಾನೆಯಲ್ಲಿ 50ರಿಂದ 70 ಯೂನಿಟ್ ವಿದ್ಯುತ್ ಬೇಕಾಗುವುದರಿಂದ ಅಲ್ಲೂ ಅಷ್ಟು ಉಳಿಯಿತು.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಮೇಲ್ಮೈ ಉಷ್ಣತೆ ಮತ್ತು ಹಸಿರು ಪಾಚಿಯ ಅಂಶ ನೋಡಿ ಮೀನು ಸಿಗಬಹುದಾದ ಜಾಗಗಳ ಮಾಹಿತಿ ಕೊಡುತ್ತದೆ. ಬಂಗುಡೆ, ಬೂತಾಯಿಯ ಗುಂಪು ಹುಡುಕಿ ಸುತ್ತ ಬಲೆ ಹಾಕುವ ಪರ್ಸೀನ್ ಬೋಟಿನವರಿಗೆ ಇದರಿಂದ ಅಲೆದಾಟ ತಪ್ಪುತ್ತದೆ. ತಳದ ಮೀನು ಹಿಡಿಯುವ ನಮಗೆ, ನಲವತ್ತು ಐವತ್ತು ಮಾರು ಆಳದಲ್ಲಿ ಹಿಂದೆ ಎಲ್ಲಿ ಸಿಕ್ಕಿತ್ತೆಂದು ಜಿಪಿಎಸ್‌ನಲ್ಲಿ ಗುರುತಿಟ್ಟ ತಾಂಡೇಲರ ನೆನಪೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ 2016ರಲ್ಲಿ ನೀರಿಗಿಳಿಸಿದ ಸಾಗರ್ ಹರಿತ ಎಂಬ ಬೋಟಿನಲ್ಲಿ ಕಡಿಮೆ ಶಕ್ತಿಯ ಇಂಜಿನ್, ಹಗುರವಾದ ಮೇಲ್ಕಟ್ಟು, ದೀಪಗಳಿಗೆ ಸೌರಫಲಕ ಎಲ್ಲವೂ ಇವೆ. ಹೊಸ ಬೋಟು ಕಟ್ಟಿಸುವವರು ಅದನ್ನು ನೋಡಬೇಕು. ಇರುವ ಬೋಟಿನ ಒಡಲನ್ನು ಬದಲಾಯಿಸಲಾಗದು, ಹಾಗಾಗಿ ನಾನು ಅದರಿಂದ ತೆಗೆದುಕೊಂಡದ್ದು ಕ್ಯಾಬಿನ್ ದೀಪಗಳಿಗೆ ಸೌರಫಲಕ ಮಾತ್ರ.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ವರ್ಷಕ್ಕೆ ಹದಿನೆಂಟು ಟ್ರಿಪ್ಪೆಂದರೂ ಈ ಒಂದೇ ಬೋಟಿನಿಂದ ನಲವತ್ತೆಂಟು ಟನ್ನಿನಷ್ಟು ಕಡಿಮೆಯಾಗಿದೆ. ಕಿಲೋ ಮೀನಿಗೆ ಎಷ್ಟು ಲೀಟರ್ ಎಂದು ಕೆಲವರು ಕೇಳುತ್ತಾರೆ. ಆ ಲೆಕ್ಕವನ್ನು ನಾನು ನಂಬುವುದಿಲ್ಲ, ಏಕೆಂದರೆ ಒಂದು ಟ್ರಿಪ್ಪಿನಲ್ಲಿ ಬೊಂಡಾಸ್ ರಾಶಿ ಬಿದ್ದರೆ ಇಂಜಿನ್ ಎಷ್ಟು ಕೆಟ್ಟದಾಗಿದ್ದರೂ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ. ಪ್ರಖರ ದೀಪ ಹಾಕಿ ಮೀನು ಸೆಳೆದು ಹಿಡಿಯುವ ಲೈಟ್ ಫಿಶಿಂಗನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿದ ಮೇಲೂ ರಾತ್ರಿಯಿಡೀ ಜನರೇಟರ್ ಉರಿಸಿ ಕದ್ದು ಮೀನು ಹಿಡಿಯುವವರ ಲೆಕ್ಕವೂ ಕಿಲೋ ಮೇಲೆ ಚಂದವೇ ಇರಬಹುದು.

ಎರಡನೆಯ ಬೋಟಿನಲ್ಲಿ ಇದಾವುದೂ ಇನ್ನೂ ಆಗಿಲ್ಲ. ಅದರ ತಾಂಡೇಲ ಹುಡುಗ, ಓಟದಲ್ಲಿ ಯಾರಿಗೂ ಬಿಟ್ಟುಕೊಡುವವನಲ್ಲ. ಈ ಹಂಗಾಮಿನ ಮೊದಲ ಟ್ರಿಪ್ಪಿಗೆ ಡ್ರಮ್ಮು ಆ ಬೋಟಿಗೆ ಹೋಗಿತ್ತು. ಹತ್ತು ಲೀಟರಿಗೆ ಒಂಬತ್ತೂವರೆ ನಿಮಿಷ ಎಂದು ಅವನು ಚೀಟಿಯಲ್ಲಿ ಬರೆದು ತಂದ. ರಿಟರ್ನ್ ಪೈಪು ಎಲ್ಲಿತ್ತು ಎಂದು ಕೇಳಿದೆ, ಡ್ರಮ್ಮಿನಲ್ಲೇ ಇತ್ತು ಎಂದ. ನಾಳೆ ಅದರ ಪ್ರೊಪೆಲ್ಲರ್ ನೋಡಲು ಮುಳುಗುವವರನ್ನು ಬರಹೇಳಿದ್ದೇನೆ.