ಗಾಲಿಕುರ್ಚಿಯಲ್ಲಿ ಲಾಲ್‌ಬಾಗ್‌ಗೆ ಹೊರಡುವವರಿಗೆ

ಬಳಗದ ಎಲ್ಲರಿಗೂ ನಮಸ್ಕಾರ. ಗಾಲಿಕುರ್ಚಿ ಬಳಸುವವರು ಆಸ್ಪತ್ರೆಗೆ ಹೋಗುವುದಕ್ಕಷ್ಟೇ ಹೊಸಿಲು ದಾಟುತ್ತಾರೆ ಎಂಬ ರೂಢಿ ನನಗೆ ಒಪ್ಪಿಗೆಯಿಲ್ಲ. ಆದ್ದರಿಂದ ತಿಂಗಳಿಗೆ ಎರಡು ಬಾರಿಯಾದರೂ, ಯಾವ ಕೆಲಸವೂ ಇಲ್ಲದೆ, ಲಾಲ್‌ಬಾಗ್‌ಗೆ ಹೋಗಿ ಬರುತ್ತೇನೆ.

ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಹಾಗೂ ಗಾಲಿಕುರ್ಚಿ ಹಾಯುವಷ್ಟು ಅಗಲವಾದ ಗೇಟ್ ಇರುವುದರಿಂದ ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದವರೆಗಿನ ಪ್ರಯಾಣ ಸುಲಭ. ಹತ್ತುವ ನಿಲ್ದಾಣದ ಸಿಬ್ಬಂದಿಗೆ ಇಳಿಯುವ ನಿಲ್ದಾಣದ ಹೆಸರನ್ನು ಮೊದಲೇ ತಿಳಿಸಿದರೆ, ಅಲ್ಲಿಯೂ ಯಾರಾದರೂ ನೆರವಿಗೆ ಬರುವಂತೆ ಕೇಳಿಕೊಳ್ಳಬಹುದು.

ನಿಜವಾದ ಪರೀಕ್ಷೆ ನಿಲ್ದಾಣದಿಂದ ಹೊರಬಂದ ಮೇಲೆಯೇ. ಎದ್ದ ಕಲ್ಲುಚಪ್ಪಡಿ, ನಡುದಾರಿಯಲ್ಲೇ ನಿಂತ ಕಂಬ, ಫುಟ್‌ಪಾತ್ ಮೇಲೆ ಏರಿದ ಸ್ಕೂಟರ್ (ಇದಕ್ಕೆ ಮದ್ದು ಇನ್ನೂ ಸಿಕ್ಕಿಲ್ಲ) ಇವೆಲ್ಲವನ್ನೂ ಊಹಿಸಿ ಹೊರಡುವ ಬದಲು, ಮನೆಯವರೊಬ್ಬರು ಮುಂಚಿತವಾಗಿ ನಡೆದು ಆ ದಾರಿಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ತಂದರೆ, ಎಲ್ಲಿ ರಸ್ತೆಗಿಳಿಯಬೇಕು, ಎಲ್ಲಿ ಆಟೊ ಹಿಡಿಯುವುದೇ ಮೇಲು ಎಂಬುದನ್ನು ಮನೆಯಲ್ಲೇ ಕುಳಿತು ನಿರ್ಧರಿಸಬಹುದು. ಹೊರಡುವ ಮುನ್ನ ಚಕ್ರಗಳ ಗಾಳಿಯನ್ನು ನೋಡಿಕೊಳ್ಳಿ. ಟ್ಯೂಬ್ ಇರುವ ಚಕ್ರಕ್ಕೆ ಸೈಕಲ್ ಅಂಗಡಿಯಲ್ಲೇ ಗಾಳಿ ತುಂಬಿಸಬಹುದು.

240 ಎಕರೆಯ ಉದ್ಯಾನವನ್ನು ಒಂದೇ ದಿನ ಸುತ್ತುವ ಹಟ ಬೇಡ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯನ್ನು ಏರಲಾಗದಿದ್ದರೂ ಅದರ ಬುಡದಲ್ಲಿ ಕುಳಿತು ಕಡಲೆಕಾಯಿ ತಿನ್ನುವುದಕ್ಕೆ ಅಡ್ಡಿಯಿಲ್ಲ. ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಹೋಗುವುದಾದರೆ, ವಾರದ ನಡುವಿನ ದಿನದಂದು ಬೆಳಿಗ್ಗೆ ಬೇಗನೆ ತಲುಪಿ.