ಹೆಣ್ಣುನಾಯಿ ಜಾಸ್ತಿ ನೀರು ಕುಡಿಯುತ್ತಿದೆಯಾ? ಮೊದಲು ವಾರ ಎಣಿಸಿ

ಡೊಂಬಿವಲಿಯ ನಮ್ಮ ಮನೆಯ ಚಿನ್ನಿಗೆ ಆಗ ಏಳು ವರ್ಷ. ಮರಿ ಆಗದ ಹಾಗೆ ಆಪರೇಷನ್ ಮಾಡಿಸಿರಲಿಲ್ಲ. ಜುಲೈ ತಿಂಗಳ ಜಡಿಮಳೆ. ಅಂಥ ತಂಪಿನಲ್ಲೂ ಬಟ್ಟಲು ಖಾಲಿ ಮಾಡಿ ಬಚ್ಚಲಿನ ಬಕೆಟ್ಟಿಗೆ ಬಾಯಿ ಹಾಕುತ್ತಿದ್ದಳು. ಮೊದಲು ತೋರಿಸಿದ ಕಡೆ ಹೊಟ್ಟೆ ಕೆಟ್ಟಿದೆ ಎಂದು ಮಾತ್ರೆ ಕೊಟ್ಟರು. ಬೆದೆಗೆ ಬಂದದ್ದು ಯಾವಾಗ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ದಿನ ಸುಮ್ನೆ ಹೋಯಿತು. ಆಗಿದ್ದದ್ದು ಪಯೋಮೆಟ್ರಾ, ಅಂದರೆ ಗರ್ಭಕೋಶದಲ್ಲಿ ಕೀವು.

ಹಾಗಾಗಿ ಮೊದಲು ಕ್ಯಾಲೆಂಡರ್ ತೆಗೆಯಿರಿ, ಬೆದೆ ಮುಗಿದು ಎಷ್ಟು ವಾರ ಆಯಿತು ಎಣಿಸಿ. ಹೆಚ್ಚಾಗಿ ಬೆದೆ ಮುಗಿದ ಮೇಲಿನ ಎರಡು ತಿಂಗಳು ಈ ಕಾಯಿಲೆಯ ಕಾಲ. ಆಗ ಪ್ರೊಜೆಸ್ಟರಾನ್ ಹಾರ್ಮೋನು ಜಾಸ್ತಿ. ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಒಳಗೆ ಸೇರಿಕೊಂಡ ಬ್ಯಾಕ್ಟೀರಿಯಾ, ಹೆಚ್ಚಾಗಿ ಇ. ಕೋಲಿ, ಅಲ್ಲೇ ಬೆಳೆಯುತ್ತದೆ. ಅದರ ವಿಷ ಕಿಡ್ನಿಗೆ ತಟ್ಟಿ ಮೂತ್ರ ಜಾಸ್ತಿಯಾಗುತ್ತದೆ, ಅದಕ್ಕೇ ಆ ಬಾಯಾರಿಕೆ.

ನೀರನ್ನು ಅಳೆದು ಹಾಕಿ. ದಿನಕ್ಕೆ ಕೆಜಿಗೆ 100 ಮಿಲಿ ದಾಟಿದರೆ, ಅಂದರೆ 10 ಕೆಜಿ ನಾಯಿ ಒಂದು ಲೀಟರಿಗಿಂತ ಜಾಸ್ತಿ ಕುಡಿದರೆ, ಅದು ಸಹಜವಲ್ಲ. ಜೊತೆಗೆ ವಾಂತಿ, ಊಟ ಬಿಡುವುದು, ಸುಸ್ತು ಇದ್ದರೆ ಅಳೆಯುತ್ತಾ ಕೂರಬೇಡಿ, ಹೊರಡಿ.

ಕೀವು ಸೋರುತ್ತಿದೆಯಾ ಅಂತ ಬಾಲ ಎತ್ತಿ ನೋಡಿ. ನಾಯಿ ನೆಕ್ಕಿ ಒರೆಸಿಬಿಡುತ್ತದೆ, ಅದಕ್ಕೆ ಮಲಗುವ ಜಾಗದಲ್ಲಿ ಬಿಳಿ ಬಟ್ಟೆ ಹಾಸಿ. ಚಿನ್ನಿಯ ಬಟ್ಟೆಯ ಮೇಲೆ ಕಂದು ಬಣ್ಣದ, ನಾಣ್ಯದಷ್ಟಗಲದ ಒಂದೇ ಕಲೆ ಇತ್ತು, ಕೆಟ್ಟ ವಾಸನೆ. ಏನೂ ಕಾಣದಿದ್ದರೆ ಸಮಾಧಾನ ಪಡಬೇಡಿ. ಗರ್ಭಕೋಶದ ಬಾಯಿ ಮುಚ್ಚಿಕೊಂಡರೆ ಕೀವು ಹೊರಬರುವುದಿಲ್ಲ, ಅದು ಇನ್ನೂ ಅಪಾಯ. ಒಡೆದರೆ ಹೊಟ್ಟೆಯೊಳಗೆಲ್ಲ ಸೋಂಕು ಹರಡುತ್ತದೆ. ಹೊಟ್ಟೆ ಒತ್ತಿ ನೋಡಲೇಬೇಡಿ.

ಜ್ವರವಿಲ್ಲ ಅಂತ ಬಿಡಬೇಡಿ, ಎಷ್ಟೋ ಸಲ ಜ್ವರ ಇರುವುದಿಲ್ಲ. ಒಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು, ತಡವಾದರೆ ಕಾಯಬೇಡಿ. ನಮ್ಮ ನೋವಿನ ಮಾತ್ರೆ, ಕ್ರೋಸಿನ್, ಐಬುಪ್ರೊಫೇನ್ ಯಾವುದೂ ಬೇಡ, ನಾಯಿಗೆ ಅವು ವಿಷ.

ಡಾಕ್ಟರು ಸಿಬಿಸಿ (ರಕ್ತಕಣಗಳ ಎಣಿಕೆ), ಕಿಡ್ನಿ ಟೆಸ್ಟ್, ಸೋನೋಗ್ರಫಿ (ಹೊಟ್ಟೆಯ ಸ್ಕ್ಯಾನ್) ಮಾಡಿಸುತ್ತಾರೆ. ಉಬ್ಬಿದ, ದ್ರವ ತುಂಬಿದ ಗರ್ಭಕೋಶ ಸೋನೋಗ್ರಫಿಯಲ್ಲಿ ಕಾಣುತ್ತದೆ, ಮರಿ ಇದೆಯೋ ಕೀವಿದೆಯೋ ತಿಳಿಯುತ್ತದೆ. ಸಾಮಾನ್ಯವಾಗಿ ಡ್ರಿಪ್ ಹಾಕಿ ಸುಧಾರಿಸಿ, ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯುತ್ತಾರೆ. ಮುಂಬಯಿಯಲ್ಲಿ ಪರೇಲಿನಲ್ಲಿ ಬೈಲ್‌ಘೋಡಾ ಎಂಬ ಪ್ರಾಣಿಗಳ ಆಸ್ಪತ್ರೆ ಇದೆ. ಆದರೆ ಎಲ್ಲಿಗೇ ಹೋಗಿ, ಈಗ ಸೋನೋಗ್ರಫಿ, ಆಪರೇಷನ್ ಆಗುತ್ತದಾ ಅಂತ ಫೋನಿನಲ್ಲಿ ಕೇಳಿಕೊಂಡೇ ಹೊರಡಿ. ಒಳಗೆ ಕಾಲಿಡುತ್ತಲೇ ಹೇಳಿ: "ಆಪರೇಷನ್ ಆಗಿಲ್ಲ, ಬೆದೆ ಮುಗಿದು ಐದು ವಾರ, ನೀರು ಜಾಸ್ತಿ ಕುಡಿಯುತ್ತಿದ್ದಾಳೆ."