ಗಟ್ಟಿಯಾದ ಬ್ರೇಕ್ ಪೆಡಲ್: ಬೂಸ್ಟರ್ ಬಿಚ್ಚುವ ಮುನ್ನ ನಾನು ನೋಡಿದ್ದು

ನನ್ನ ಹಳೆಯ ಪೆಟ್ರೋಲ್ ಕಾರಿನ ಬ್ರೇಕ್ ಪೆಡಲ್ ಗಟ್ಟಿಯಾಗತೊಡಗಿದಾಗ ಗ್ಯಾರೇಜಿನಲ್ಲಿ ಸಿಕ್ಕ ಉತ್ತರ ಒಂದೇ: ಬೂಸ್ಟರ್ (ತುಳಿಯುವ ಕಾಲಿಗೆ ಬಲ ಸೇರಿಸುವ ಭಾಗ) ಹೋಗಿದೆ, ಬದಲಿಸಬೇಕು. ಪೆಡಲನ್ನು ಒಮ್ಮೆ ತುಳಿದು ನೋಡಿ ಹೇಳಿದ ಮಾತು ಅದು. ಬಾನೆಟ್ ಎತ್ತಿಯೂ ಇರಲಿಲ್ಲ. ಸಾವಿರಾರು ರೂಪಾಯಿಯ ಭಾಗವನ್ನು ಅಂದಾಜಿನ ಮೇಲೆ ಬದಲಿಸಲು ನನಗೆ ಮನಸ್ಸಾಗಲಿಲ್ಲ. ಮನೆ ಹತ್ತಿರವೇ ಇದ್ದುದರಿಂದ ನಿಧಾನವಾಗಿ ಕಾರು ತಂದು ನಿಲ್ಲಿಸಿ, ದೋಷ ಸಿಗುವವರೆಗೂ ರಸ್ತೆಗಿಳಿಸಲಿಲ್ಲ.

ಪೆಡಲ್ ಮೆತ್ತಗಾಗಿ ಒಳಗೆ ಹೋಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಮೆತ್ತಗಾದರೆ ಬ್ರೇಕ್ ಆಯಿಲ್‌ನಲ್ಲಿ ಗಾಳಿ ಸೇರಿದೆಯೇ, ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಬೇಕು. ಗಟ್ಟಿಯಾದರೆ ಮೊದಲ ಅನುಮಾನ ಕಾಲಿಗೆ ಸಿಗುತ್ತಿದ್ದ ನೆರವಿನ ಮೇಲೆ. ಆ ನೆರವು ಬರುವುದು ವಾತಾವರಣದ ಒತ್ತಡದಿಂದ. ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ ಗಾಳಿ ಹೀರುವ ಭಾಗ) ಒಂದು ರಬ್ಬರ್ ಕೊಳವೆಯ ಮೂಲಕ ಬೂಸ್ಟರ್‌ನಲ್ಲಿರುವ ಗಾಳಿಯನ್ನು ಹೀರಿಕೊಳ್ಳುತ್ತದೆ. ಪೆಡಲ್ ತುಳಿದಾಗ ಒಳಗಿನ ಡಯಾಫ್ರಾಮ್ ಎಂಬ ರಬ್ಬರ್ ಪೊರೆಯ ಒಂದು ಬದಿಗೆ ಹೊರಗಿನ ಗಾಳಿ ನುಗ್ಗುತ್ತದೆ, ಇನ್ನೊಂದು ಬದಿಯಲ್ಲಿ ನಿರ್ವಾತ ಇರುತ್ತದೆ. 8 ಅಂಗುಲ ವ್ಯಾಸದ ಡಯಾಫ್ರಾಮಿನ ಮೇಲೆ 15 ಅಂಗುಲ ಪಾದರಸದಷ್ಟು (ನಿರ್ವಾತವನ್ನು ಅಳೆಯುವುದು ಹೀಗೆ) ನಿರ್ವಾತವಿದ್ದರೆ ಸುಮಾರು 160 ಕೆ.ಜಿ. ತೂಕದಷ್ಟು ಬಲ ಕಾಲಿನ ಜೊತೆ ಸೇರುತ್ತದೆ. ಅದು ಇಲ್ಲವಾದರೆ ಎಷ್ಟು ಗಟ್ಟಿಯಾಗಿ ತುಳಿದರೂ ಕಾರು ಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ. ಘಟ್ಟ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ಎಂಜಿನ್ ಆಫ್ ಮಾಡುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುವುದು ಇದಕ್ಕೇ. ಶಿರಾಡಿಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಎರಡು ಮೂರು ಸಲ ಬ್ರೇಕ್ ಹಾಕುವಷ್ಟರಲ್ಲಿ ಮುಗಿದುಹೋಗುತ್ತದೆ, ತಿರುವುಗಳು ಮುಗಿಯುವುದಿಲ್ಲ.

ಮೊದಲ ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ಎಂಜಿನ್ ಆಫ್ ಇಟ್ಟು, ಪೆಡಲ್ ಪೂರ್ತಿ ಬಿಗಿಯಾಗುವವರೆಗೆ ಹಲವು ಸಲ ತುಳಿಯಬೇಕು. ಆಮೇಲೆ ಕಾಲನ್ನು ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಬೇಕು. ಎಲ್ಲವೂ ಸರಿ ಇದ್ದರೆ ಪೆಡಲ್ ತಾನಾಗಿ ತುಸು ಕೆಳಗಿಳಿಯುತ್ತದೆ. ನನ್ನದು ಬಹಳ ತಡವಾಗಿ, ಇಳಿಯಿತೋ ಇಲ್ಲವೋ ಎಂಬಷ್ಟು ಮಾತ್ರ ಇಳಿಯಿತು. ಎರಡನೆಯದು ಇನ್ನೂ ಸ್ಪಷ್ಟವಾಗಿ ಹೇಳಿತು: ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ತುಳಿದರೆ ಮೊದಲೆರಡು ಸಲವಾದರೂ ಪೆಡಲ್ ಹಗುರವಾಗಿರಬೇಕು. ನನಗೆ ಮೊದಲ ಸಲವೇ ಬಿಗಿ. ಅಂದರೆ ನಿರ್ವಾತ ಕಡಿಮೆ ಬರುತ್ತಿತ್ತು, ಬಂದದ್ದೂ ನಿಲ್ಲುತ್ತಿರಲಿಲ್ಲ.

ಆಗ ನಿರ್ವಾತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿದೆ. ಸಮುದ್ರಮಟ್ಟದಲ್ಲಿ ಒಳ್ಳೆಯ ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುವಾಗ) ಸುಮಾರು 18ರಿಂದ 22 ಅಂಗುಲ ತೋರಿಸುತ್ತದೆ. ಪ್ರತಿ 1000 ಅಡಿ ಎತ್ತರಕ್ಕೆ ಹೆಚ್ಚುಕಡಿಮೆ 1 ಅಂಗುಲ ಇಳಿಯುತ್ತದೆ. ಬೆಂಗಳೂರು ಸುಮಾರು 3000 ಅಡಿ ಎತ್ತರದಲ್ಲಿದೆ, ಇಲ್ಲಿ 15 ಅಂಗುಲ ಕಂಡು ಗಾಬರಿಯಾಗಬೇಕಿಲ್ಲ. ಮ್ಯಾನಿಫೋಲ್ಡ್‌ಗೇ ನೇರವಾಗಿ ಜೋಡಿಸಿದಾಗ ಮುಳ್ಳು 16ರ ಬಳಿ ಅಲುಗದೆ ನಿಂತಿತು. ಹಳೆಯ ಕೊಳವೆಯ ತುದಿಯಲ್ಲಿ ಜೋಡಿಸಿದಾಗ 11ರ ಆಸುಪಾಸು ನಡುಗುತ್ತಿತ್ತು, ಐಡ್ಲಿಂಗ್ ಕೂಡ ಏರುಪೇರಾಯಿತು. ಎಂಜಿನ್ನಿನ ತಪ್ಪಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ಮೇಲಿನಿಂದ ನೋಡಿದರೆ ಕೊಳವೆಗೆ ಏನೂ ಆಗಿರಲಿಲ್ಲ. ಬಿಚ್ಚಿ ತಿರುಗಿಸಿ ಬಾಗಿಸಿದಾಗ, ಎಂಜಿನ್ನಿನ ಬಿಸಿಗೆ ಮುಖಮಾಡಿದ್ದ ತಿರುವಿನ ಒಳಬದಿಯಲ್ಲಿ ಉಗುರು ಸಿಕ್ಕಿಸುವಷ್ಟು ಸೀಳು ಬಾಯಿ ತೆರೆಯಿತು. ಕೈ ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಬೂಸ್ಟರ್‌ಗೆ ಸಿಕ್ಕಿಸಿದ, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವನ್ನೂ ಹೊರಗೆಳೆದೆ. ಒಳಗೆ ನಿರ್ವಾತ ಉಳಿದಿದ್ದರೆ ಆಗ ‘ಪುಸ್’ ಎಂದು ಗಾಳಿ ನುಗ್ಗಬೇಕು, ಸದ್ದೇ ಬರಲಿಲ್ಲ. ವಾಲ್ವ್ ಒರೆಸಿ ಬಾಯಿಂದ ಊದಿ ನೋಡಿದೆ. ಬೂಸ್ಟರ್‌ನಿಂದ ಎಂಜಿನ್ ಕಡೆಗೆ ಮಾತ್ರ ಗಾಳಿ ಹೋಗಬೇಕಾದದ್ದು ಎರಡೂ ಕಡೆಗೆ ಸಲೀಸಾಗಿ ಹೋಗುತ್ತಿತ್ತು.

ಕೊಳವೆ, ವಾಲ್ವ್, ಅದು ಕೂರುವ ರಬ್ಬರ್ ಗ್ರಾಮೆಟ್, ಕ್ಲಾಂಪುಗಳು, ಇವಿಷ್ಟನ್ನೂ ಜೆ.ಸಿ. ರಸ್ತೆಯ ಅಂಗಡಿಯಿಂದ ತಂದೆ. ಕೊಳವೆ ಮಾತ್ರ ಬ್ರೇಕ್ ಬೂಸ್ಟರ್‌ಗೆಂದೇ ಮಾಡಿದ್ದಾಗಿರಲಿ. ನೀರಿನ ಪೈಪು ಅಳತೆಗೆ ಸರಿಹೊಂದಬಹುದು, ಆದರೆ ಎಂಜಿನ್ ಹೀರುವಾಗ ಚಪ್ಪಟೆಯಾಗಿ ದಾರಿಯನ್ನೇ ಮುಚ್ಚಿಬಿಡುತ್ತದೆ. ಗ್ರಾಮೆಟ್ ಕೂರಿಸಲು ತುಸು ಸೋಪಿನ ನೀರು ಸಾಕು. ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ವಾಲ್ವ್ ಕೊಳವೆಯ ನಡುವೆ ಬರುವ ಕಾರುಗಳಲ್ಲಿ ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಜೋಡಿಸಿ ಅದೇ ಪರೀಕ್ಷೆಗಳನ್ನು ಮತ್ತೆ ಮಾಡಿದೆ: ಸ್ಟಾರ್ಟ್ ಆದೊಡನೆ ಪೆಡಲ್ ಪಾದದ ಕೆಳಗೆ ಇಳಿಯಿತು, ರಾತ್ರಿಯಿಡೀ ನಿಂತ ಕಾರಿನಲ್ಲೂ ಬೆಳಿಗ್ಗೆ ಮೊದಲ ತುಳಿತ ಹಗುರವಾಗಿತ್ತು. ಬೂಸ್ಟರ್ ಹಳೆಯದೇ ಇದೆ.

ಬೂಸ್ಟರ್ ಕೆಡುವುದೇ ಇಲ್ಲ ಎಂದಲ್ಲ. ಪೆಡಲ್ ಒತ್ತಿ ಹಿಡಿದಷ್ಟು ಹೊತ್ತೂ ಡ್ಯಾಶ್‌ಬೋರ್ಡಿನ ಕೆಳಗಿಂದ ಗಾಳಿ ಸೋರುವ ಸದ್ದು ಬರುತ್ತಾ ಐಡ್ಲಿಂಗ್ ತಪ್ಪಿದರೆ ಡಯಾಫ್ರಾಮ್ ಹರಿದಿರುವ ಸಂಭವ ಹೆಚ್ಚು, ಆಗ ಬದಲಿಸಲೇಬೇಕು. ನಿರ್ವಾತವೂ ಬೂಸ್ಟರ್ ಕೂಡ ಸರಿಯಿದ್ದು ಪೆಡಲ್ ಬಿಗಿಯಾಗಿದ್ದರೆ ಚಕ್ರಗಳತ್ತ ಹೋಗಿ, ಸಿಕ್ಕಿಕೊಂಡ ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಒತ್ತುವ ಭಾಗ) ಪಿಸ್ಟನ್ನನ್ನೂ ಒಳಗೇ ಉಬ್ಬಿ ಮುಚ್ಚಿಕೊಂಡ ಬ್ರೇಕ್ ಹೋಸನ್ನೂ ನೋಡಬೇಕು. ಡೀಸೆಲ್ ಕಾರಿನವರು ಗೇಜನ್ನು ಮ್ಯಾನಿಫೋಲ್ಡ್‌ಗೆ ಹಾಕಿ ಫಲವಿಲ್ಲ. ಅಲ್ಲಿ ನಿರ್ವಾತಕ್ಕೆಂದೇ ಬೇರೆ ಪಂಪ್ ಇರುತ್ತದೆ, ಕೆಲವು ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ. ಪರೀಕ್ಷೆ ಆ ಪಂಪಿನಿಂದ ಶುರುವಾಗಬೇಕು.